ಮಾತು ಹೋದರೆ ಬುದ್ಧಿಯೂ ಹೋಯಿತೇ?

ನಮ್ಮ ಪೇಟೆಯ ಕಿರಾಣಿ ಅಂಗಡಿಯ ಯಜಮಾನರೊಬ್ಬರಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದವು. ಕಾಲು ಕೆಲವು ತಿಂಗಳಲ್ಲಿ ಕೊಂಚ ಕೂಡಿಬಂದಿತು. ಮಾತು ಬರಲಿಲ್ಲ. ಏನು ಕೇಳಿದರೂ 'ಆಯ್ತು' ಎಂಬುದೊಂದೇ ಉತ್ತರ. ಬೇಕು ಎನ್ನುವುದಕ್ಕೂ ಆಯ್ತು, ಬೇಡ ಎನ್ನುವುದಕ್ಕೂ ಆಯ್ತು. ಇದೇ ಸಮಯವೆಂದು ದಾಯಾದಿಗಳು ಅಂಗಡಿಯ ಕಾಗದ ಬರೆಸಿಕೊಂಡು ಬಂದರು. 'ಬುದ್ಧಿ ಕೆಟ್ಟವನಿಗೆ ಅಂಗಡಿ ಯಾಕೆ, ಹೆಬ್ಬೆಟ್ಟು ಒತ್ತಿಸಿ' ಎಂದರು. ಯಜಮಾನರು 'ಆಯ್ತು, ಆಯ್ತು' ಎನ್ನುತ್ತಲೇ ಎಡಗೈಯಿಂದ ಆ ಕಾಗದವನ್ನು ನೂಕಿಬಿಟ್ಟರು. ಅಲ್ಲೇ ಕುಳಿತಿದ್ದ ನನಗೆ ನಾಚಿಕೆಯಾಯಿತು. ನಾನೂ ಅವರೊಡನೆ ಒಂದನೇ ತರಗತಿಯ ಹುಡುಗನಿಗೆ ಹೇಳುವಂತೆ ಕೂಗಿ ಕೂಗಿ ಮಾತಾಡುತ್ತಿದ್ದವನೇ.

ಇದು ಬುದ್ಧಿಯ ಕಾಯಿಲೆಯಲ್ಲ. ವೈದ್ಯರು ಇದನ್ನು ಅಫೇಸಿಯಾ ಎನ್ನುತ್ತಾರೆ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ನೋಡಿದ ರೋಗಿಯೊಬ್ಬನಿಗೆ 'ತಾನ್' ಎಂಬ ಒಂದೇ ಸದ್ದು ಉಳಿದಿತ್ತು. ಆತನೂ ದುಡಿಯುವವನೇ, ಜೋಡು ಹೊಲಿಯುವವರಿಗೆ ಮರದ ಅಚ್ಚು ಮಾಡಿಕೊಡುತ್ತಿದ್ದವನು. ಆಸ್ಪತ್ರೆಗೆ ಬಂದು ಎಷ್ಟು ವರ್ಷವಾಯಿತೆಂದು ಕೇಳಿದಾಗ ಐದು ಬೆರಳನ್ನು ನಾಲ್ಕು ಸಲ ಬಿಚ್ಚಿ, ಮೇಲೊಂದು ಬೆರಳು ತೋರಿಸಿದ. 21 ವರ್ಷ, ಲೆಕ್ಕ ಸರಿಯಾಗಿತ್ತು! ಸತ್ತ ಮೇಲೆ ನೋಡಿದರೆ ಮೆದುಳಿನ ಎಡಭಾಗದ ಮುಂದಿನ ಜಾಗ ಹಾಳಾಗಿತ್ತು. ಆತನ ಕಾಯಿಲೆ ಬೇರೆಯಾದರೂ ಲಕ್ವವೂ ಅನೇಕರಲ್ಲಿ ಕೆಡಿಸುವುದು ಅದೇ ಕಡೆಯನ್ನು.

ಹೋದ ಮಾತು ಮರಳುತ್ತದೆಯೆ? ಪೂರ್ತಿಯಲ್ಲದಿದ್ದರೂ ಅನೇಕರಿಗೆ ಮರಳುತ್ತದೆ. ಅದಕ್ಕೆ ಬೇಕಾದದ್ದು ಗಂಟೆಗಳು. ಮಾತು ಹೋಗಿ ಆರು ತಿಂಗಳು ದಾಟಿದವರಿಗೂ ಜರ್ಮನಿಯಲ್ಲಿ ವಾರಕ್ಕೆ 10 ಗಂಟೆಗೆ ಕಡಿಮೆಯಿಲ್ಲದಂತೆ ಮೂರು ವಾರ ಪಾಠ ಹೇಳಿ ನೋಡಿದರು. ದಿನನಿತ್ಯದ ಮಾತು ಸುಧಾರಿಸಿತೆಂದು 2017ರಲ್ಲಿ ವರದಿಯಾಯಿತು. ಚಿಕಿತ್ಸೆಗೆ ಕಾದು ಕುಳಿತವರಿಗೆ ಆ ಲಾಭ ಸಿಗಲಿಲ್ಲ.

ಗಂಟೆಯ ಬೆಲೆ ಏನೆಂದು ಪಾಳಿಯಲ್ಲಿ ದುಡಿಯುವವರಿಗೆ ನಾನು ಹೇಳಬೇಕಾಗಿಲ್ಲ. ಯಜಮಾನರಿಗೆ ಸಿಕ್ಕ ಗಂಟೆಗಳೆಷ್ಟು? ಒಂದೂ ಇಲ್ಲ. ಆಸ್ಪತ್ರೆಯಿಂದ ಬಿಡುವಾಗ ಕೈಕಾಲಿನ ವ್ಯಾಯಾಮದ ಚೀಟಿ ಕೊಟ್ಟರು, ಮಾತಿಗೆ 'ಮನೆಯಲ್ಲಿ ಮಾತಾಡಿಸಿ' ಎಂದರು. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೆ. ಆದರೆ ಲಕ್ವ ಹೊಡೆದವನನ್ನು ವಾರಕ್ಕೆ ಮೂರು ಸಲ ಬಸ್ಸಿನಲ್ಲಿ ಹೊತ್ತುಕೊಂಡು ಹೋಗುವವರು ಯಾರು? ಹೋದವರ ಆ ದಿನದ ಕೂಲಿ ಕೊಡುವವರು ಯಾರು? ಹಣವಂತರಾದರೆ ಮನೆಗೇ ಕರೆಸಿಕೊಳ್ಳುತ್ತಾರೆ.

ಮನೆಯವರು ಸುಮ್ಮನೆ ಕುಳಿತಿಲ್ಲ. ಮಾತು ಬಾರದ ಯಜಮಾನರು ಭಜನೆಯ ಪದವನ್ನು ಮಾತ್ರ ಹಾಡುತ್ತಾರೆಂದು ಮೊದಲು ಕಂಡದ್ದು ಅವರ ಹೆಂಡತಿ. ಇದೇನೂ ಪವಾಡವಲ್ಲ. ಎಡಗೈಯಲ್ಲಿ ತಾಳ ತಟ್ಟಿಸಿ ರಾಗವಾಗಿ ನುಡಿಸುವ ಚಿಕಿತ್ಸೆಯನ್ನು ಬಾಸ್ಟನ್ನಿನವರು 1973ರಲ್ಲೇ ಪ್ರಕಟಿಸಿದ್ದಾರೆ. ಎಲ್ಲರಿಗೂ ಒಗ್ಗುವುದಿಲ್ಲ, ಕೆಲವರಿಗೆ ಒಗ್ಗುತ್ತದೆ. ಯಾರಿಗೆ ಯಾವುದೆಂದು ನೋಡಿ ಹೇಳಲು ಕಲಿತವರು ಬೇಕು. ಆ ತಾಯಿಯೊಬ್ಬರ ಮೇಲೆ ಎಲ್ಲ ಹೊರೆ ಹಾಕಿ ಸರ್ಕಾರ ಕೈತೊಳೆದುಕೊಳ್ಳಬಾರದು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆ, ಅಫೇಸಿಯಾದಿಂದ ಶಾಶ್ವತವಾಗಿ ಮಾತು ಕೆಟ್ಟದ್ದನ್ನು ಹೆಸರೆತ್ತಿ ಅಂಗವಿಕಲತೆಯೆಂದು ಒಪ್ಪಿದೆ. ಆದ್ದರಿಂದ ನಮ್ಮ ಜಿಲ್ಲಾ ಆಸ್ಪತ್ರೆಗೂ, ಕಾರ್ಮಿಕರ ವಂತಿಗೆಯಿಂದ ನಡೆಯುವ ಇ.ಎಸ್.ಐ. ಆಸ್ಪತ್ರೆಗೂ ಪೂರ್ಣಾವಧಿಯ ವಾಕ್ ಚಿಕಿತ್ಸಕರು ಬೇಕು, ರೋಗಿಯ ಜೊತೆಗೆ ಬರುವವರಿಗೆ ಬಸ್ ಖರ್ಚು ಬೇಕು ಎಂದು ಅರ್ಜಿ ಬರೆದಿದ್ದೇವೆ. ಭಾನುವಾರ ಬೆಳಿಗ್ಗೆ ಅದು ಯಜಮಾನರ ಅಂಗಡಿಯಲ್ಲೇ ಇರುತ್ತದೆ. ಬಂದವರು ಅವರೊಡನೆ ಕೂಗಿ ಮಾತಾಡಬೇಡಿ, ಕಿವಿ ಚೆನ್ನಾಗಿದೆ. ಚಿಕ್ಕ ಮಾತು ಆಡಿ, ಉತ್ತರಕ್ಕೆ ಕೊಂಚ ಕಾಯಿರಿ. ಮೊದಲ ಹೆಬ್ಬೆಟ್ಟು ತನ್ನದೇ ಎಂದು ಸನ್ನೆ ಮಾಡಿದ್ದಾರೆ.