ಪ್ರೀತಿ ನಿಮ್ಮದು, ಡ್ಯೂಟಿ ನಮ್ಮದು

ಮೊದಲೇ ಹೇಳಿಬಿಡ್ತೀನಿ, ನಾನು ಶ್ವಾನಪ್ರಿಯ ಅಲ್ಲ. ಹಾಗಂತ ನಾಯಿ ಕಂಡ್ರೆ ದ್ವೇಷವೂ ಇಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತವರ ಬಗ್ಗೆ ಇರುತ್ತಲ್ಲ, ಅಷ್ಟೇ ಭಾವನೆ. ಆದರೂ ಹೊಸಪೇಟೆಯ ನಮ್ಮ ಮನೇಲಿ 32 ಕೆಜಿ ತೂಕದ ಒಂದು ಲ್ಯಾಬ್ರಡಾರ್ ಇದೆ. ಅದಕ್ಕೆ ಸಂಬಂಧಪಟ್ಟ ಸಮಸ್ತ ಖಾತೆಗಳ ಮಂತ್ರಿ ನಾನೇ!

ತಂದವನು ನನ್ನ ತಮ್ಮ. 2021ರ ಲಾಕ್‌ಡೌನ್ ಟೈಮು. ಎಲ್ಲರೂ ಮನೇಲಿ ಕೂತು ಬೇಜಾರಾಗಿತ್ತು. "ಅಣ್ಣಾ, ನೀನೇನೂ ಮಾಡೋದು ಬ್ಯಾಡ, ಎಲ್ಲಾ ನಾನ್ ನೋಡ್ಕೊಂತೀನಿ" ಅಂದ. 12 ಸಾವಿರ ಕೊಟ್ಟು ಮರಿ ತಂದ, ಬ್ರೂನೋ ಅಂತ ಹೆಸರಿಟ್ಟ. ಅಜ್ಜಿ ಬಾಯಲ್ಲಿ ಅದು ವಾರದೊಳಗೆ ಭರಮಣ್ಣ ಆಯ್ತು. ಎರಡು ವರ್ಷಕ್ಕೆ ತಮ್ಮ ಎಂ.ಎಸ್. ಮಾಡೋಕೆ ಕೆನಡಾಕ್ಕೆ ಹೋದ. ವಿಚಿತ್ರ ನೋಡಿ, ಈ ಲ್ಯಾಬ್ರಡಾರ್ ನಾಯಿಗಳ ಪೂರ್ವಿಕರ ಊರು ಕೆನಡಾದ ನ್ಯೂಫೌಂಡ್‌ಲ್ಯಾಂಡ್. ಅಲ್ಲಿಂದ ಬ್ರಿಟನ್ನಿಗೆ ಹೋಗಿ ಇವತ್ತಿನ ತಳಿ ಆಗಿದ್ದು. ಅಂದರೆ ಕೆನಡಾದ ನಾಯಿ ಹೊಸಪೇಟೆ ಬಿಸಿಲಲ್ಲಿ ನಾಲಿಗೆ ಚಾಚಿಕೊಂಡು ಬಿದ್ದಿದೆ, ಹೊಸಪೇಟೆ ಹುಡುಗ ಕೆನಡಾದ ಹಿಮದಲ್ಲಿ ನಡುಗ್ತಿದ್ದಾನೆ. ಯಾರಿಗೂ ಲಾಭವಿಲ್ಲದ ಎಕ್ಸ್‌ಚೇಂಜ್ ಆಫರ್ :)

ಇರಲಿ. ನನ್ನ ವಾದ ಇಷ್ಟೇ. ಮನೆಗೆ ನಾಯಿ ಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಕಾದವರು ಅದನ್ನ ಮುದ್ದು ಮಾಡೋರಲ್ಲ, ಅದರ ಕೆಲಸ ಮಾಡೋರು. ನಮ್ಮ ಸಾಫ್ಟ್‌ವೇರ್ ಫೀಲ್ಡಿನಲ್ಲಿ ಇದು ದಿನಾ ನೋಡೋ ಕಥೆ. ಹೊಸ ಫೀಚರ್ ಬೇಕು ಅಂತ ಉತ್ಸಾಹದಿಂದ ಕೇಳೋನು ಒಬ್ಬ. ರಾತ್ರಿ ಎರಡು ಗಂಟೆಗೆ ಅದು ಕೆಟ್ಟಾಗ ಎದ್ದು ಕೂರೋನು ಇನ್ನೊಬ್ಬ. ಕೇಳಿದವನು ಅಷ್ಟೊತ್ತಿಗೆ ಬೇರೆ ಪ್ರಾಜೆಕ್ಟಿಗೆ ಹೋಗಿರ್ತಾನೆ. ನಾಯಿ ವಿಷಯದಲ್ಲಿ ಈ ಮೇಂಟೆನೆನ್ಸ್ ಸುಮಾರು 10ರಿಂದ 12 ವರ್ಷ. ಹೋಮ್ ಲೋನನ್ನಾದ್ರೂ ಮುಂಚೆ ತೀರಿಸಬಹುದು, ಇದಕ್ಕೆ ಆ ಸೌಲಭ್ಯ ಇಲ್ಲ.

ಬಹಳ ಮನೆಗಳಲ್ಲಿ ಈ ಕೆಲಸ ಬೀಳೋದು ಅಮ್ಮಂದಿರ ಮೇಲೆ. ನಾನು ಮನೆಯಿಂದಲೇ ಕೆಲಸ ಮಾಡೋದಾದ್ರೂ ತಿಂಗಳಿಗೆ ಒಂದು ವಾರ ಬೆಂಗಳೂರಿಗೆ ಹೋಗಲೇಬೇಕು. ಆ ವಾರ ಮೊಣಕಾಲು ನೋವಿರೋ ಅಮ್ಮ 32 ಕೆಜಿ ನಾಯಿಯನ್ನ ಹಿಡ್ಕೊಂಡು ಬೆಳಿಗ್ಗೆ ಆರಕ್ಕೆ ರಸ್ತೆಗೆ ಇಳಿಬೇಕು. ಅಮ್ಮ ಅದನ್ನ ಕರ್ಕೊಂಡು ಹೋಗ್ತಾರೆ ಅನ್ನೋದಕ್ಕಿಂತ ಅದೇ ಅಮ್ಮನನ್ನ ಎಳ್ಕೊಂಡು ಹೋಗುತ್ತೆ ಅನ್ನೋದು ಸರಿ. 2021ರಲ್ಲಿ ಅಮ್ಮನ ಅಭಿಪ್ರಾಯ ಯಾರೂ ಕೇಳಲಿಲ್ಲ. ಕೇಳಿದ್ರೂ "ಹುಡುಗ ಆಸೆ ಪಟ್ಟಾನ, ಇರ್ಲಿ ಬಿಡು" ಅಂತಿದ್ರು. ಆ "ಇರ್ಲಿ ಬಿಡು"ವನ್ನ ನಾವೆಲ್ಲ ಒಪ್ಪಿಗೆ ಅಂತ ಬರ್ಕೊಂಡುಬಿಡ್ತೀವಿ.

ನಮ್ಮ ಕಡೆ ಬೇಸಿಗೆ ಬಗ್ಗೆ ಹೇಳೋದೇ ಬೇಡ, 40 ಡಿಗ್ರಿ ಮಾಮೂಲು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರೋದಿಲ್ಲ, ಅಂಗಾಲಲ್ಲಿ ಸ್ವಲ್ಪ ಅಷ್ಟೇ. ಮೈ ತಣ್ಣಗಾಗೋದು ಹೆಚ್ಚಾಗಿ ಏದುಸಿರಿನಿಂದ. ಲ್ಯಾಬ್ರಡಾರಿಗೆ ಎರಡು ಪದರ ಕೂದಲು ಬೇರೆ, ತಣ್ಣೀರಲ್ಲಿ ಈಜೋಕೆ ಅಂತ ಬಂದಿದ್ದು. ಮಾರ್ಚ್ ಬಂತಂದ್ರೆ ಒಂಬತ್ತು ಗಂಟೆ ಮೇಲೆ ಟಾರ್ ರಸ್ತೆ ಮೇಲೆ ಅದರ ಕಾಲು ಇಡಿಸೋ ಹಾಗಿಲ್ಲ. ಇಂಥಾ ಊರಲ್ಲಿ ಹಸ್ಕಿ ಸಾಕಿದವರನ್ನೂ ನೋಡಿದೀನಿ. "ಎ.ಸಿ. ಹಾಕ್ತೀವಿ ಬಿಡ್ರಿ" ಅಂದ್ರು. ಕರೆಂಟ್ ಹೋದಾಗ? ಹಾಗಾದ್ರೆ ಮುಧೋಳ ನಾಯಿ ಸಾಕಿ ಅಂತೀರಾ? ನಮ್ಮದೇ ಬಾಗಲಕೋಟೆ ಜಿಲ್ಲೆಯದು, 2005ರಲ್ಲಿ ಅಂಚೆಚೀಟಿ ಮೇಲೂ ಬಂತು, ಬಿಸಿಲಿಗೆ ಅಂಜೋದಿಲ್ಲ. ಆದ್ರೆ ಅದು ಓಡೋ ಪ್ರಾಣಿ. 30-40 ಸೈಟಿನ ಮನೇಲಿ ಅದನ್ನ ಕಟ್ಟಿ ಹಾಕೋದು ಇನ್ನೊಂದು ಥರದ ಶಿಕ್ಷೆ.

ಈಗ ವಿಷಯಕ್ಕೆ ಬರ್ತೀನಿ. ವಾರಕ್ಕೆ ಮೂರು ದಿನ ಆಫೀಸಿಗೆ ಬರಲೇಬೇಕು ಅಂತ ನಮ್ಮ ಕಂಪನಿಯಿಂದ ಮೇಲ್ ಬಂದಿದೆ. ಅಂದ್ರೆ ಬೆಂಗಳೂರಲ್ಲೇ ಮನೆ ಮಾಡಬೇಕು. ನೋಡಿದ ಎಲ್ಲಾ ಬಾಡಿಗೆ ಮನೆಗಳದ್ದೂ ಮೊದಲನೇ ಕಂಡೀಷನ್ ನಾಯಿ ಇರಬಾರದು ಅನ್ನೋದು. (ಎರಡನೇದು ಬ್ಯಾಚುಲರ್ ಇರಬಾರದು. ನಮ್ಮಿಬ್ಬರದ್ದೂ ಒಂದೇ ಜಾತಿ.) ಈ ಸುದ್ದಿ ನೆಂಟರಲ್ಲಿ ಹಬ್ಬಿದ್ದೇ ತಡ, ಸಲಹೆಗಳ ಮಳೆ.

ಕಂಪ್ಲಿಯ ಮಾವ "ನಮ್ ಗದ್ದಿಗೆ ತಂದು ಬಿಡು, ಕಾವಲಿಗೆ ಆಕ್ಕತಿ" ಅಂದ್ರು. ಒಂದ್ಸಲ ಕರ್ಕೊಂಡೂ ಹೋದೆ. ಭತ್ತ ಕೊಯ್ದ ಗದ್ದೇಲಿ ಗೊಬ್ಬರಕ್ಕೆ ಅಂತ ಕುರಿಹಿಂಡು ನಿಲ್ಲಿಸಿದ್ರು. ಹಿಂಡಿನ ಜೊತೆ ಬಡಕಲು ಮೈಯ ಎರಡು ನಾಯಿ, ಇಡೀ ರಾತ್ರಿ ಎಚ್ಚರ ಇರೋ ಜಾತಿ. ನಮ್ಮ ಭರಮಣ್ಣ ಅವುಗಳ ಮುಂದೆ ಬಾಲ ಆಡಿಸಿ, ಬದುವಿನ ನೆರಳು ಹುಡುಕಿ ಮಲಗಿತು. ಕುರಿ ಕಾಯೋ ಅಜ್ಜ ಒಂದು ನಿಮಿಷ ನೋಡಿ "ಇದು ನಾಯಿ ಅಲ್ಲ ತಮ್ಮಾ, ಅಳಿಯ!" ಅಂದ. ಇದಕ್ಕಿಂತ ಚೆನ್ನಾಗಿ ಯಾವ ಪಶುವೈದ್ಯರೂ ಹೇಳಲಾರರು.

ಸಂಡೂರಿನ ಸೋದರತ್ತೆ ಮನೆ ಗುಡ್ಡದ ಬುಡದಲ್ಲಿದೆ. ಅವರು ನೇರವಾಗಿಯೇ ಬೇಡ ಅಂದ್ರು. ಅಲ್ಲಿ ಚಿರತೆ ಕಾಟ, ನಾಯಿ ಅಂದ್ರೆ ಚಿರತೆಗೆ ಸುಲಭದ ಊಟ. ಅವರ ಹಿತ್ತಲಲ್ಲಿ ಕಟ್ಟಿದ್ದ ನಾಯಿ ಒಂದು ರಾತ್ರಿ ಮಾಯವಾಗಿ, ಬೆಳಿಗ್ಗೆ ಚೈನು ಮಾತ್ರ ಉಳಿದಿತ್ತಂತೆ. ಅತ್ತೆಯ ಉತ್ತರ ನನಗೆ ಇಷ್ಟ ಆಯ್ತು. ಆಗಲ್ಲ ಅಂದ್ರೆ ಆಗಲ್ಲ ಅನ್ನೋದೂ ಒಂದು ಜವಾಬ್ದಾರಿ.

ಮೂರನೇ ಸಲಹೆ ಕೇಳಿ ಮಾತ್ರ ಸಿಟ್ಟು ಬಂತು. ಮದುವೆಮನೆಯಲ್ಲಿ ಒಬ್ಬರು, ಓದಿದವರೇ, "ಹಂಪಿ ಕಡೆ ಬಿಟ್ಟು ಬಾರಪ್ಪ. ಟೂರಿಸ್ಟ್‌ಗಳು ಬಿಸ್ಕತ್ತು ಹಾಕ್ತಾರೆ, ಬದುಕ್ಕೊಂತತಿ" ಅಂದ್ರು. ಎಷ್ಟು ಸಲೀಸು! ಹಂಪಿಯ ಬೀದಿನಾಯಿಗಳಿಗೆ ಒಂದೊಂದಕ್ಕೂ ಒಂದೊಂದು ಮಂಟಪ, ಒಂದೊಂದು ಬೀದಿ ಅಂತ ಹಂಚಿಕೆ ಇರುತ್ತೆ. ಹುಟ್ಟಿದಾಗಿನಿಂದ ಫ್ಯಾನ್ ಕೆಳಗೆ ಮಲಗಿದ ನಾಯಿಯನ್ನ ಆ ಕಾದ ಬಂಡೆಗಳ ನಡುವೆ ಬಿಟ್ಟರೆ ಒಂದು ವಾರವೂ ತಡಿಯೋದಿಲ್ಲ. ಇದು ಅಪರಾಧವೂ ಹೌದು. ಹಸಿವು ಬಾಯಾರಿಕೆಯಿಂದ ನರಳೋ ಹಾಗೆ ಪ್ರಾಣಿಯನ್ನ ಬಿಟ್ಟು ಹೋಗೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ತಪ್ಪು. ಮೊದಲನೇ ಸಲಕ್ಕೆ ದಂಡ ಎಷ್ಟು ಗೊತ್ತಾ? 10 ರೂಪಾಯಿಂದ 50 ರೂಪಾಯಿ. 1960ರಲ್ಲಿ ಅದು ದುಡ್ಡಾಗಿತ್ತು. ಈಗ ನಮ್ಮ ಕಾಲೇಜ್ ರೋಡಿನಲ್ಲಿ ಒಂದು ಮಸಾಲೆ ದೋಸೆಗೂ ಸಾಲದು.

2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಕ್ಕೆ ಸಾಗಿಸಿ ಅಂತ ಹೇಳಿ, ಹನ್ನೊಂದೇ ದಿನದಲ್ಲಿ, ಸಂತಾನಹರಣ ಮಾಡಿ ಲಸಿಕೆ ಹಾಕಿ ವಾಪಸ್ ಬಿಡಿ ಅಂತ ಬದಲಾಯಿಸಿತಲ್ಲ, ಆಗ ನಮ್ಮ ಫ್ಯಾಮಿಲಿ ಗ್ರೂಪಿನಲ್ಲೂ ಮಹಾಯುದ್ಧ. ನಾಯಿಪ್ರಿಯರು ಒಂದು ಕಡೆ, ಮಕ್ಕಳ ತಂದೆ ತಾಯಿ ಒಂದು ಕಡೆ. ಬೀದಿಯಲ್ಲಿ ಆಗಾಗ ಕಾಣೋ ಲ್ಯಾಬ್ರಡಾರು, ಪಗ್ಗುಗಳು ಯಾರ ಮನೆ ಗೇಟಿನಿಂದ ಬಂದವು ಅಂತ ಮಾತ್ರ ಯಾರೂ ಕೇಳಲಿಲ್ಲ.

ಹಳೇ ಕಾಲವೇ ಚೆನ್ನಾಗಿತ್ತು ಅಂತ ಹೇಳೋಕೆ ಹೊರಟಿಲ್ಲ ಮತ್ತೆ. ಅಜ್ಜಿಯ ಪದ್ಧತೀಲಿ ನಾಯಿ ಓಣಿಗೆ ಸೇರಿದ್ದು. ಮಿಕ್ಕ ರೊಟ್ಟಿ ಹೊಸ್ತಿಲಾಚೆ, ಅಷ್ಟೇ ಸಂಬಂಧ. ಕೇಳೋಕೆ ಚಂದ. ಆದ್ರೆ ಲಸಿಕೆ ಹಾಕಿಸೋದು ಯಾರ ಕೆಲಸವೂ ಆಗಿರಲಿಲ್ಲ. ಕಚ್ಚಿದ ಗಾಯಕ್ಕೆ ಸುಣ್ಣ, ಖಾರದಪುಡಿ ಹಚ್ಚೋರು. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಉಳಿಯೋದು ಇಲ್ಲವೇ ಇಲ್ಲ ಅನ್ನಬಹುದು. ಸೋಪು ಹಚ್ಚಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಸೀದಾ ಆಸ್ಪತ್ರೆಗೆ ಓಡಬೇಕು. ಭರಮಣ್ಣನಿಗೆ ಪ್ರತಿ ವರ್ಷ ಇಂಜೆಕ್ಷನ್ ಹಾಕಿಸೋದು ನಾನೇ. ಅದಕ್ಕೆ ಪ್ರೀತಿ ಬೇಕಿಲ್ಲ, ಕ್ಯಾಲೆಂಡರಲ್ಲಿ ಒಂದು ರಿಮೈಂಡರ್ ಸಾಕು.

ಈ ವಿಷಯದಲ್ಲಿ ನನಗೆ ಮಾದರಿ ಅನ್ನಿಸೋದು ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ಕ್ರಿ.ಶ. 949-50ರದ್ದು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಮೆಚ್ಚಿ ಏನು ಬೇಕು ಕೇಳು ಅಂದಾಗ, ಅವನು ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನ. ಆ ಕಾಳಿ ಕಾಡುಹಂದಿ ಜೊತೆ ಕಾದಾಡಿ ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದ್ದನ್ನೇ ಎಲ್ಲರೂ ಹೇಳೋದು. ನನಗೆ ಹಿಡಿಸಿದ್ದು ಅದರ ಮುಂದಿನ ಭಾಗ. ಕಲ್ಲಿನ ಪೂಜೆಗೆ ಅಂತ ಭೂಮಿ ಬಿಟ್ಟಿದ್ದಾರೆ, ಪೂಜೆ ಮಾಡದೆ ಉಂಡರೆ ಅಲ್ಲಿನ ಗೊರವನಿಗೆ ಪಾಪ ಅಂತ ಬರೆಸಿದ್ದಾರೆ. ಕೆಲಸ ಯಾರದು, ಖರ್ಚು ಎಲ್ಲಿಂದ, ತಪ್ಪಿದ್ರೆ ಏನು, ಮೂರೂ ಕ್ಲಿಯರ್! ಸತ್ತ ನಾಯಿಗೇ ಇಷ್ಟು ಪ್ಲಾನಿಂಗ್. ಗೊರವ ಅಂದಾಗ ನಮ್ಮ ಜಿಲ್ಲೆಯ ಮೈಲಾರದ ಗೊರವಯ್ಯಗಳು ನೆನಪಾಗ್ತಾರೆ. ತಾವು ಮೈಲಾರಲಿಂಗನ ನಾಯಿಗಳು ಅಂತಲೇ ಭಾವಿಸಿ, ದೋಣಿಗೆ ಹಾಕಿದ ಪ್ರಸಾದಕ್ಕೆ ನೇರ ಬಾಯಿ ಹಾಕಿ ತಿನ್ನೋರು. ಅಜ್ಜಿ ಅವರಿಗೆ ಕೈ ಮುಗೀತಾಳೆ, ಭರಮಣ್ಣ ಅಡಿಗೆಮನೆಗೆ ಬಂದ್ರೆ ಕೋಲು ಎತ್ತುತ್ತಾಳೆ. ಅದು ಬೇರೆ ವಿಷಯ.

ಈ ಸಲ ಅಮ್ಮನನ್ನ ಮೊದಲು ಕೇಳಿದೆ. "ಇರ್ಲಿ ಬಿಡು" ಅನ್ನೋಕೆ ಹೋದವರು ಅರ್ಧಕ್ಕೆ ನಿಲ್ಲಿಸಿ, "ಇಲ್ಲಪ್ಪ, ನನ್ ಕೈಲಿ ಆಗಂಗಿಲ್ಲ" ಅಂದ್ರು. ಸರಿ, ಹಾಗಾದ್ರೆ ಅದು ನನ್ನ ಜೊತೆ ಬೆಂಗಳೂರಿಗೆ. ನಾಯಿಗೆ ಒಪ್ಪೋ ಮನೆಗೆ ಬಾಡಿಗೆ ತಿಂಗಳಿಗೆ ಆರೇಳು ಸಾವಿರ ಜಾಸ್ತಿ. ಆ ಹೆಚ್ಚಿನದ್ದನ್ನ ನೀನು ಕಳಿಸಬೇಕು ಅಂತ ತಮ್ಮನಿಗೆ ಮೆಸೇಜ್ ಹಾಕಿದೀನಿ. ನೀಲಿ ಟಿಕ್ ಬಂದು ನಾಲ್ಕು ದಿನ ಆಯ್ತು. ಮಧ್ಯೆ ಒಂದು ಸಲ "ಬ್ರೂನೋ ಫೋಟೋ ಕಳ್ಸೋ" ಅಂತ ಬಂತು. ಅವನು ಒಪ್ಪಲಿ ಬಿಡಲಿ, ನೆಲಮಹಡಿ ಮನೆ ಹುಡುಕ್ತಾ ಇದೀನಿ. ಗೊತ್ತಿದ್ರೆ ಹೇಳಿ. ಓನರ್‌ಗೆ ಭರಮಣ್ಣ ಅಂತಲೇ ಪರಿಚಯ ಮಾಡಿಸ್ತೀನಿ.