ಹೆಜ್ಜೆಯ ಸದ್ದಿಗೆ ಕಿವಿಗೊಡಿ

ಕೆಲವು ವರ್ಷಗಳ ಹಿಂದಿನ ಮಾತು. ಎಂಟನೆಯ ತರಗತಿಯ ಹುಡುಗನೊಬ್ಬ ಡ್ರಿಲ್ ಪೀರಿಯಡ್ಡಿನಲ್ಲಿ ಕುಂಟುತ್ತಾ ನಡೆಯುತ್ತಿದ್ದ. 'ಏನೋ ಇದು, ತಪ್ಪಿಸಿಕೊಳ್ಳೋಕೆ ನಾಟಕವಾ? ನೆಟ್ಟಗೆ ನಡಿ' ಎಂದು ಗದರಿಸಿದೆ. ಅವನು ತಲೆ ತಗ್ಗಿಸಿ, ಹಲ್ಲು ಕಚ್ಚಿ ನೆಟ್ಟಗೆ ನಡೆಯಲು ಯತ್ನಿಸಿದ. ವಿಜ್ಞಾನದ ಮೇಷ್ಟ್ರಾದ ನಾನು ಅಂದು ಮಾಡಿದ ತಪ್ಪು ನಿಮಗೆ ತಿಳಿಯಬೇಕಾದರೆ, ನಡಿಗೆ ಎಂದರೇನು ಎಂಬುದನ್ನು ಮೊದಲು ನೋಡಬೇಕು.

ನೇರವಾಗಿ ನಿಂತು ಮೆಲ್ಲಗೆ ಮುಂದಕ್ಕೆ ವಾಲಿ ನೋಡಿ. ದೇಹದ ಗುರುತ್ವ ಕೇಂದ್ರ ಪಾದಗಳನ್ನು ದಾಟಿದೊಡನೆ ಬೀಳುವಂತಾಗುತ್ತದೆ. ತಟ್ಟನೆ ಒಂದು ಕಾಲು ಮುಂದೆ ಬಂದು ನಿಮ್ಮನ್ನು ಹಿಡಿಯುತ್ತದೆ. ಅದೇ ಹೆಜ್ಜೆ. ನಡಿಗೆ ಎಂದರೆ ಪದೇ ಪದೇ ಬೀಳಹೋಗುವುದು, ಪ್ರತಿ ಸಲವೂ ಸಾವರಿಸಿಕೊಳ್ಳುವುದು.

ಒಂದು ಹಿಮ್ಮಡಿ ನೆಲ ಮುಟ್ಟಿದಲ್ಲಿಂದ ಅದೇ ಹಿಮ್ಮಡಿ ಮತ್ತೆ ನೆಲ ಮುಟ್ಟುವವರೆಗೆ ನಡಿಗೆಯ ಒಂದು ಆವರ್ತ. ಸಾಮಾನ್ಯ ವೇಗದಲ್ಲಿ ಇದಕ್ಕೆ ಹಿಡಿಯುವ ಕಾಲ ಸುಮಾರು 1 ಸೆಕೆಂಡು. ಇದರಲ್ಲಿ ಸುಮಾರು ಶೇ. 60 ಭಾಗ ಆ ಪಾದ ನೆಲದ ಮೇಲಿರುತ್ತದೆ, ಉಳಿದ ಶೇ. 40 ಭಾಗ ಗಾಳಿಯಲ್ಲಿ ಮುಂದಕ್ಕೆ ತೂಗುತ್ತದೆ. 'ಎರಡೂ ಕಾಲು ಸೇರಿ ನೆಲದ ಲೆಕ್ಕ 120 ಆಯಿತಲ್ಲ ಸಾರ್?' ಎಂದು ಲೆಕ್ಕದಲ್ಲಿ ಚುರುಕಾದವರು ಕೇಳಬಹುದು. ಆ ಹೆಚ್ಚಿನ 20ರಲ್ಲೇ ಸ್ವಾರಸ್ಯವಿದೆ. ಅಷ್ಟು ಹೊತ್ತು ಎರಡು ಪಾದಗಳೂ ನೆಲದ ಮೇಲಿದ್ದು, ಮೈಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ವರ್ಗವಾಗುತ್ತದೆ. ವೇಗ ಹೆಚ್ಚಿದಂತೆ ಈ ಅವಧಿ ಕಿರಿದಾಗುತ್ತದೆ. ಓಟದಲ್ಲಿ ಅದು ಇರುವುದೇ ಇಲ್ಲ.

1836ರಲ್ಲಿ ಜರ್ಮನಿಯ ವೆಬರ್ ಸಹೋದರರು ನಡಿಗೆಯನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದರು. ಅವರಲ್ಲೊಬ್ಬನಾದ ವಿಲ್‌ಹೆಲ್ಮ್ ವೆಬರ್‌ನ ಹೆಸರನ್ನೇ ಕಾಂತೀಯ ಫ್ಲಕ್ಸ್‌ನ ಏಕಮಾನಕ್ಕೆ ಇಡಲಾಗಿದೆ. ಗಾಳಿಯಲ್ಲಿರುವ ಕಾಲು ಗಡಿಯಾರದ ಲೋಲಕದಂತೆ ತಾನಾಗಿಯೇ ತೂಗುತ್ತದೆ ಎಂದು ಅವರು ಭಾವಿಸಿದ್ದರು. ಅದರಲ್ಲಿ ಸ್ನಾಯುಗಳ ಪಾತ್ರವೂ ಇದೆಯೆಂದು ಮುಂದೆ ತಿಳಿಯಿತು. ಆದರೂ ಲೋಲಕದ ಹೋಲಿಕೆ ಇಂದಿಗೂ ಉಳಿದಿದೆ. ನೆಲಕ್ಕೂರಿದ ಕಾಲು ತಲೆಕೆಳಗಾದ ಲೋಲಕವಿದ್ದಂತೆ. ದೇಹ ಅದರ ಮೇಲೆ ಕಮಾನಿನಂತೆ ಏರಿ ಇಳಿಯುತ್ತದೆ. ಏರುವಾಗ ಚಲನ ಶಕ್ತಿಯ ಒಂದು ಪಾಲು ಪ್ರಚ್ಛನ್ನ ಶಕ್ತಿಯಾಗಿ ಸೇರಿಕೊಂಡು, ಇಳಿಯುವಾಗ ಮರಳಿ ದೊರೆಯುತ್ತದೆ. ಈ ಉಳಿತಾಯದಿಂದಾಗಿ ನಾವು ಹೆಚ್ಚು ದಣಿಯದೆ ಮೈಲಿಗಟ್ಟಲೆ ನಡೆಯಬಲ್ಲೆವು.

ಒಂದು ಕಾಲು ನೋಯುತ್ತಿದ್ದರೆ ಏನಾಗುತ್ತದೆ? ಅದರ ಮೇಲೆ ಭಾರ ಬೀಳುವ ಹೊತ್ತನ್ನು ದೇಹ ಕಡಿಮೆ ಮಾಡಿಕೊಳ್ಳುತ್ತದೆ. ನೋವಿಲ್ಲದ ಕಾಲು ಅವಸರದಿಂದ ಮುಂದೆ ಬಂದು ಭಾರ ಹೊರುತ್ತದೆ. ಆಗ ಹೆಜ್ಜೆಯ ತಾಳ ತಪ್ಪುತ್ತದೆ. ನಾವು ಕುಂಟು ಎನ್ನುವುದು ನೋವಿಗೆ ದೇಹ ಕಂಡುಕೊಂಡ ಉಪಾಯ.

ಡ್ರಿಲ್ ಆದ ವಾರದ ಬಳಿಕ, ಸಂಜೆ ಶಾಲೆ ಬಿಟ್ಟ ಮೇಲೆ ಉತ್ತರ ಪತ್ರಿಕೆ ತಿದ್ದುತ್ತಾ ಕುಳಿತಿದ್ದೆ. ಖಾಲಿ ವರಾಂಡದಲ್ಲಿ 'ಟಪ್‌ಟಪ್... ಟಪ್‌ಟಪ್...' ಎಂದು ಸಮವಲ್ಲದ ಸದ್ದು. ಇಣುಕಿದರೆ ಅದೇ ಹುಡುಗ. ನೋಡುವವರು ಯಾರೂ ಇಲ್ಲದಿರುವಾಗ ನಾಟಕ ಯಾರಿಗಾಗಿ?

'ಎಲ್ಲೋ ನೋವು?'

'ಮಂಡಿ ಸಾರ್. ಒಂದು ತಿಂಗಳಾಯ್ತು. ಆಟದಲ್ಲಿ ಉಳುಕಿರಬೇಕು ಅಂತ ಅಮ್ಮ ಎಣ್ಣೆ ಹಚ್ತಾರೆ.'

ಮರುದಿನವೇ ಅವನ ತಂದೆಯನ್ನು ಕರೆಸಿ ಮೂಳೆ ವೈದ್ಯರ ಬಳಿಗೆ ಕಳಿಸಿದೆ. ಮಂಡಿಯಲ್ಲಿ ಯಾವ ದೋಷವೂ ಇರಲಿಲ್ಲ. ಸೊಂಟದ ಕೀಲಿನ ಎಕ್ಸ್‌ರೇಯಲ್ಲಿ ತೊಡೆಮೂಳೆಯ ತಲೆಭಾಗ ತುಸು ಜಾರಿರುವುದು ಕಂಡಿತು. ಬೆಳೆಯುವ ವಯಸ್ಸಿನಲ್ಲಿ ಮೂಳೆ ಬೆಳೆಯುವ ಪದರದ ಬಳಿ ಹೀಗಾಗುವುದುಂಟು. ಸೊಂಟ, ಮಂಡಿ ಎರಡಕ್ಕೂ ಹೋಗುವ ನರಗಳು ಕೆಲವು ಒಂದೇ ಆದ್ದರಿಂದ ಸೊಂಟದ ನೋವು ಮಂಡಿಯಲ್ಲಿ ತೋರಿಕೊಳ್ಳುತ್ತದೆ. ಇಂಥ ಕಾಲಿನ ಮೇಲೆ ಭಾರ ಬಿದ್ದಷ್ಟೂ ಮೂಳೆ ಇನ್ನಷ್ಟು ಜಾರಬಹುದು, ಕೀಲು ಶಾಶ್ವತವಾಗಿ ಕೆಡಬಹುದು. ನಾನು ಹುಡುಗನಿಗೆ ಮಾಡಿದ ಆಜ್ಞೆ ಅದೇ ಆಗಿತ್ತು!

ಶಸ್ತ್ರಚಿಕಿತ್ಸೆ ಮಾಡಿ ಸ್ಕ್ರೂ ಹಾಕಿದರು. ತಿಂಗಳುಗಳ ಮೇಲೆ ಅವನು ತರಗತಿಗೆ ಬಂದ ದಿನ ಎಲ್ಲರೆದುರು 'ತಪ್ಪಾಯ್ತಪ್ಪ' ಎಂದೆ. 'ಇರಲಿ ಬಿಡಿ ಸಾರ್' ಎಂದು ನಾಚಿಕೊಂಡ.

ಪೋಷಕರೇ, ಮಗು ಮನೆಯೊಳಗೆ ಓಡಾಡುವಾಗ ಒಮ್ಮೆ ಕಣ್ಣುಮುಚ್ಚಿ ಹೆಜ್ಜೆಯ ಸದ್ದು ಆಲಿಸಿ. ತಾಳ ತಪ್ಪಿದ್ದರೆ ಗದರಿಸಬೇಡಿ, ಬಲವಾಗಿ ತಿಕ್ಕಲೂ ಬೇಡಿ. ಒಂದೆರಡು ದಿನದಲ್ಲಿ ಸರಿಹೋಗದಿದ್ದರೆ ವೈದ್ಯರಿಗೆ ತೋರಿಸಿ. ಜ್ವರವಿದ್ದರೆ ಅಥವಾ ಕಾಲೂರಲು ಆಗದಿದ್ದರೆ ಅಂದೇ ಹೊರಡಿ. ಮಂಡಿ ನೋವೆಂದರೆ ಸೊಂಟವನ್ನೂ ಪರೀಕ್ಷಿಸುವಂತೆ ಕೇಳಿ. ವಿದ್ಯಾರ್ಥಿಗಳೇ, ಗೆಳೆಯ ಕುಂಟಿದರೆ ಅಣಕಿಸದೆ ಅವನ ಚೀಲ ಹೊತ್ತುಕೊಂಡು ಜೊತೆಗೆ ನಡೆಯಿರಿ.