ಹಂದಿ ಜ್ವರ ಅಲ್ಲವಂತೆ!

‘ರಿಪೋರ್ಟ್ ಬಂತು ಸಾರ್. ಹಂದಿ ಜ್ವರ ಅಲ್ಲವಂತೆ, ಬರೀ ಫ್ಲೂ ಅಂತೆ.’ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಯಾವ ಬಸ್ ನಿಲ್ದಾಣದಲ್ಲಿ ನಿಂತರೂ ಮಳೆಗಾಲದ ಕೊನೆಗೆ ಈ ಮಾತು ಕಿವಿಗೆ ಬೀಳುತ್ತದೆ. ಹೇಳುವವರ ಮುಖದಲ್ಲಿ ಗಂಡಾಂತರ ಕಳೆದ ಸಮಾಧಾನ! ಆದರೆ ಹಂದಿ ಜ್ವರದ ಎಚ್1ಎನ್1 ಕೂಡ ಫ್ಲೂ ವೈರಸ್ಸೇ. 2009ರಲ್ಲಿ ಹೊಸದಾಗಿ ಬಂದು ಜಗತ್ತು ಸುತ್ತಿದ ಅದು, ಮರುವರ್ಷದಿಂದ ಎಚ್3ಎನ್2 ಮತ್ತು ‘ಬಿ’ ಗುಂಪಿನ ವೈರಸ್ಸುಗಳ ಜೊತೆ ಮಾಮೂಲಿ ಫ್ಲೂಗಳ ಸಾಲಿಗೆ ಸೇರಿತು. ಹಾಗಾದರೆ ಇವುಗಳಲ್ಲಿ ಯಾವುದು ಜೋರು?

ಉತ್ತರ ಹೇಳುವ ಮೊದಲು ರೋಗಿಯ ವಯಸ್ಸು ಕೇಳಬೇಕು. 2009ರ ಆಗಸ್ಟ್‌ನಲ್ಲಿ ಹಂದಿ ಜ್ವರಕ್ಕೆ ದೇಶದಲ್ಲಿ ಮೊದಲು ಬಲಿಯಾದವಳು ಪುಣೆಯ ಶಾಲಾ ಬಾಲಕಿ. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಸುದ್ದಿಯಾದದ್ದು ಹಾಸನ ಜಿಲ್ಲೆಯ 80 ದಾಟಿದ ವೃದ್ಧರೊಬ್ಬರ ಸಾವಿನಿಂದ. ಅವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇದ್ದವು. ಎರಡು ಸಾವುಗಳಿಂದ ಸಿದ್ಧಾಂತ ಕಟ್ಟಬಾರದು, ನಿಜ. ಆದರೆ ಹಲವು ದೇಶಗಳ ಆಸ್ಪತ್ರೆ ದಾಖಲೆಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ. ಎಚ್1ಎನ್1 ನಡುವಯಸ್ಸಿನವರನ್ನೂ ಗರ್ಭಿಣಿಯರನ್ನೂ ತೀವ್ರ ನಿಗಾ ಘಟಕಕ್ಕೆ ಎಳೆಯುತ್ತದೆ. ಎಚ್3ಎನ್2 ಮುದುಕರ ಮೇಲೆ ಬೀಳುತ್ತದೆ. ‘ಬಿ’ಗೆ ಮಕ್ಕಳೇ ಹೆಚ್ಚಾಗಿ ಸಿಗುತ್ತಾರೆ.

ಇದರ ಹಿಂದೆ ಒಂದು ಸ್ವಾರಸ್ಯವಿದೆ. 1918ರಿಂದ 1957ರವರೆಗೆ ಓಡಾಡಿದ್ದು ಎಚ್1ಎನ್1 ಸಂತತಿ. ಆಮೇಲೆ ಎಚ್2ಎನ್2, 1968ರಿಂದ ಎಚ್3ಎನ್2. ಬಾಲ್ಯದಲ್ಲಿ ಮೊದಲು ತಗುಲಿದ ಫ್ಲೂವಿನ ಗುರುತನ್ನು ದೇಹ ಸುಲಭಕ್ಕೆ ಮರೆಯುವುದಿಲ್ಲ. ಹಾಗಾಗಿಯೇ 2009ರಲ್ಲಿ ಅನೇಕ ಮನೆಗಳಲ್ಲಿ ಮೊಮ್ಮಗ ಮಲಗಿದ, ಅಜ್ಜಿ ಗಟ್ಟಿಯಾಗಿ ಓಡಾಡಿಕೊಂಡಿದ್ದಳು.

ಇನ್ನು ಲೆಕ್ಕಕ್ಕೆ ಬರೋಣ. (ಮೇಷ್ಟ್ರಿಗೆ ಕರಿಹಲಗೆ ಬಿಟ್ಟಿರಲಾಗದು.) ಒಂದು ತಳಿಯ ಫ್ಲೂನಿಂದ 100 ಮಂದಿ ಆಸ್ಪತ್ರೆ ಸೇರಿ 5 ಮಂದಿ ಸತ್ತರೆನ್ನಿ. ಇನ್ನೊಂದರಿಂದ 40 ಮಂದಿ ಸೇರಿ 4 ಮಂದಿ ಸತ್ತರೆನ್ನಿ. ವಾರ್ಡಿನಲ್ಲಿ ನಿಂತು ನೋಡಿದರೆ ಎರಡನೆಯದು ಇಮ್ಮಡಿ ಕ್ರೂರಿ. ತಾಲ್ಲೂಕಿನ ಲೆಕ್ಕದಲ್ಲಿ ಹೆಚ್ಚು ಜೀವ ತೆಗೆದದ್ದು ಮೊದಲನೆಯದು. ಎರಡು ಮಾತೂ ಸುಳ್ಳಲ್ಲ.

ಅದೂ ಅಲ್ಲದೆ ಆಸ್ಪತ್ರೆಯೆಂಬುದು ಒಂದು ಜರಡಿ. ಅಡಿಕೆ ಕೊಯ್ಲಿನ ಕೂಲಿ ಬಿಟ್ಟು ಬರಲಾಗದವನು ಐದು ದಿನ ಕಷಾಯ ಕುಡಿದು, ಆರನೆಯ ದಿನ ಏದುಸಿರು ಬಿಡುತ್ತಾ ಬರುತ್ತಾನೆ. ನ್ಯಾಮತಿಯವರಿಗೆ ಶಿವಮೊಗ್ಗ ಹತ್ತಿರ. ಜಗಳೂರಿನವರು ದಾವಣಗೆರೆಗೋ ಚಿತ್ರದುರ್ಗಕ್ಕೋ ಹೋಗಬೇಕು. ತಡವಾಗಿ ಬಂದವರೇ ತುಂಬಿದ ವಾರ್ಡಿನಲ್ಲಿ ಯಾವ ವೈರಸ್ಸಾದರೂ ರಾಕ್ಷಸನಂತೆಯೇ ಕಾಣುತ್ತದೆ.

‘ಬರೀ ಫ್ಲೂ’ ಎಂದು ಬಿಡುವ ಎಚ್3ಎನ್2 ಎಷ್ಟು ಸಾಧು? 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೊಟ್ಟ ಅಂಕಿಅಂಶದಂತೆ, ಅದು ತಗುಲಿ ಆಸ್ಪತ್ರೆ ಸೇರಿದವರಲ್ಲಿ ಶೇ 16 ಮಂದಿಗೆ ನ್ಯುಮೋನಿಯಾದ ಲಕ್ಷಣಗಳಿದ್ದವು. ಸುಮಾರು ಶೇ 10ಕ್ಕೆ ಆಮ್ಲಜನಕ, ಶೇ 7ಕ್ಕೆ ತೀವ್ರ ನಿಗಾ ಘಟಕ ಬೇಕಾಯಿತು. ಇದು ಆಸ್ಪತ್ರೆ ಸೇರಿದವರ ಲೆಕ್ಕ, ಜ್ವರ ಬಂದವರೆಲ್ಲರದಲ್ಲ.

ತಮಾಷೆಯೆಂದರೆ, ತಳಿಯ ಹೆಸರಿಗಾಗಿ ನಾವು ಕಾಯುತ್ತೇವೆ, ಔಷಧಿ ಕಾಯುವುದಿಲ್ಲ. ಒಸೆಲ್ಟಾಮಿವಿರ್ ಮೂರಕ್ಕೂ ಅದೇ. ಜ್ವರ ಶುರುವಾದ 48 ಗಂಟೆಯೊಳಗೆ ಆರಂಭಿಸಿದರೆ ಹೆಚ್ಚು ಫಲ. ಗರ್ಭಿಣಿಯರು, ವೃದ್ಧರು, ಚಿಕ್ಕ ಮಕ್ಕಳು, ಸಕ್ಕರೆ, ಹೃದಯ, ಶ್ವಾಸಕೋಶದ ಕಾಯಿಲೆಯವರಿಗೆ ಪರೀಕ್ಷೆಯ ವರದಿಗೆ ಕಾಯದೆ ವೈದ್ಯರು ಇದನ್ನು ಕೊಡಬಹುದೆಂದು ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಉಸಿರಾಡಲು ಕಷ್ಟ, ಎದೆನೋವು, ಮಂಪರು, ತುಟಿ ನೀಲಿಯಾಗುವುದು, ಇವು ಕಂಡರೆ ವರದಿಯಲ್ಲಿ ಏನೇ ಬರೆದಿರಲಿ, ಅಂದೇ ಹೊರಡಬೇಕು.

ಪ್ರತಿವರ್ಷ ಹಾಕಿಸಿಕೊಳ್ಳುವ ಲಸಿಕೆಯಲ್ಲೂ ಎಚ್1ಎನ್1, ಎಚ್3ಎನ್2, ‘ಬಿ’ ಮೂರೂ ಒಟ್ಟಿಗೇ ಇರುತ್ತವೆ. ಮೊದಲು ಹಲವು ಲಸಿಕೆಗಳಲ್ಲಿ ನಾಲ್ಕಿದ್ದವು. ನಾಲ್ಕನೆಯದಾದ ಯಮಗಾಟಾ ಎಂಬ ‘ಬಿ’ ವೈರಸ್ಸು 2020ರ ಮಾರ್ಚ್‌ನಿಂದೀಚೆಗೆ ಎಲ್ಲೂ ಖಚಿತವಾಗಿ ಕಂಡಿಲ್ಲ. ಅದನ್ನು ಲಸಿಕೆಯಿಂದ ಕೈಬಿಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು.